ಬೋರ್ಡಿನ ಮೂಲೆಯ ಹೆಸರು

ದತ್ತಪ್ಪನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕೆಂಪಗಿರುತ್ತಿತ್ತು. ಇಪ್ಪತ್ತೈದು ವರ್ಷ ಬಣ್ಣ ಕಲಸಿ ಕಲಸಿ ಹಾಗಾಗಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಬೆರಳ ಸಂದುಗಳೆಲ್ಲ ಬಿರುಕು ಬಿಟ್ಟಿದ್ದವು. ಆ ಕೈಯಲ್ಲಿ ಅವನು ಕಲಬುರಗಿಯ ಟಾಕೀಸುಗಳಿಗೆ ಮೂವತ್ತಡಿ ಎತ್ತರದ ನಾಯಕರನ್ನು ಬರೆದಿದ್ದ. ಏಪ್ರಿಲ್ ಹದಿನಾಲ್ಕು ಹತ್ತಿರ ಬಂತೆಂದರೆ ಓಣಿ ಓಣಿಯವರು ನೀಲಿ ಕೋಟಿನ ಚಿತ್ರಕ್ಕೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ಒಂದೇ ವರ್ಷದಲ್ಲಿ ಅವನ ಬ್ರಶ್ಶುಗಳು ಡಬ್ಬಿಯಲ್ಲೇ ಒಣಗಿ ಕಲ್ಲಾದವು.

ಗುರುಲಿಂಗಪ್ಪ ಎಂಬುವನು ಊರಲ್ಲಿ ಕಂಪ್ಯೂಟರ್ ಇಟ್ಟು ಫ್ಲೆಕ್ಸ್ ಅಂಗಡಿ ತೆರೆದ. ದತ್ತಪ್ಪ ಅವನ ಬಾಗಿಲಿಗೇ ಹೋಗಿ ನಿಂತ. ಬೇರೆ ದಾರಿ ಇರಲಿಲ್ಲ. ಅದು ಎರಡು ಸಾವಿರದ ಐದನೇ ಇಸವಿ. ನಲವತ್ತಾರನೇ ವಯಸ್ಸಿಗೆ ಅವನು ಮೌಸ್ ಹಿಡಿದ. ಮೊದಮೊದಲು ಕೈ ತಾನಾಗಿ ಮೇಲೆದ್ದು ಪರದೆಯ ಕಡೆ ಹೋಗುತ್ತಿತ್ತು. ಗುರುಲಿಂಗಪ್ಪ ಗಿರಾಕಿಗಳ ಎದುರಿಗೇ ನಗುತ್ತಿದ್ದ.

"ಏ ದತ್ತ್ಯಾ, ಅದೇನು ಗ್ವಾಡಿ ಅಂತ ತಿಳದೀಯೇನಲೇ? ಇಲಿ ಮ್ಯಾಲ ಕೈ ಇಡು."

ದತ್ತಪ್ಪ ತಲೆ ತಗ್ಗಿಸಿ ಇಲಿಯ ಮೇಲೆ ಕೈ ಇಡುತ್ತಿದ್ದ. ಆರು ತಿಂಗಳಲ್ಲಿ ಆ ಅಂಗಡಿಯಲ್ಲಿ ಅವನಂಥ ಕೆಲಸಗಾರ ಇನ್ನೊಬ್ಬನಿರಲಿಲ್ಲ. ಇದನ್ನು ಮಾತ್ರ ಗುರುಲಿಂಗಪ್ಪ ಯಾರ ಎದುರಿಗೂ ಹೇಳಲಿಲ್ಲ, ಹರಾಮಖೋರ.

ನಾನು ಹಮೀದ್. ಅದೇ ಅಂಗಡಿಯಲ್ಲಿ ಫ್ಲೆಕ್ಸಿಗೆ ಕಟ್ಟಿಗೆಯ ಚೌಕಟ್ಟು ಹೊಡೆದು, ಕಂಬಕ್ಕೆ ಕಟ್ಟಿ ಬರುವ ಕೆಲಸ ನನ್ನದು. ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವನು. ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಪ್ಪು ಇಲ್ಲಿಂದಲೇ ಶುರುವಾಗುತ್ತದೆ.

ದತ್ತಪ್ಪನಿಗೆ ಒಂದು ಚಟವಿತ್ತು. ಹಳೆಯ ಪೇಂಟರುಗಳಿಗೆಲ್ಲ ಇರುವ ಚಟ. ಚಿತ್ರ ಮುಗಿದ ಮೇಲೆ ಮೂಲೆಯಲ್ಲಿ ‘ದತ್ತು, ಕಮಲಾಪುರ’ ಎಂದು ಸಣ್ಣಗೆ ಬರೆಯದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಗುರುಲಿಂಗಪ್ಪ ಎರಡು ಸಲ ಬೈದಿದ್ದ. "ಬೋರ್ಡಿನ ಮ್ಯಾಲ ನನ್ನ ಅಂಗಡಿ ಹೆಸರು ಬಿಟ್ರ ಇನ್ನೊಂದು ಹೆಸರು ಕಂಡಿತು ಅಂದ್ರ ಮನಿಗೆ ಹೋಗು." ಅಂದಿನಿಂದ ದತ್ತಪ್ಪ ಹೆಸರನ್ನು ಬಚ್ಚಿಡತೊಡಗಿದ. ಸೀರೆಯ ಅಂಚಿನಲ್ಲಿ, ಮರದ ಎಲೆಯಲ್ಲಿ, ಎಲ್ಲೋ ಒಂದು ಕಡೆ ಅದು ಇದ್ದೇ ಇರುತ್ತಿತ್ತು. ನನಗೆ ತೋರಿಸಿ ಕಣ್ಣು ಹೊಡೆಯುತ್ತಿದ್ದ.

ಮರುವರ್ಷ ಮಾರ್ಚ್ ತಿಂಗಳಲ್ಲಿ ಚಂದ್ರಶಾ ಅಂಗಡಿಗೆ ಬಂದ. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಇರುವ ಸಾಹುಕಾರ. ಸೀಡಿಯಲ್ಲಿ ಬಿಡಲು ಒಂದು ಸಿನಿಮಾ ತೆಗೆಸುತ್ತಿದ್ದ. ಅದರಲ್ಲಿ ತಾನೇ ಹೀರೋ. ಐವತ್ತು ದಾಟಿದ ಹೊಟ್ಟೆಗೆ ಬೆಲ್ಟ್ ಬಿಗಿದು ಫೋಟೋ ಹೊಡೆಸಿಕೊಂಡು ಬಂದಿದ್ದ.

"ಹೀರೋಂದು ಫೋಟೋ ಅದ. ಖಳನಾಯಕಂದು ನೀವೇ ತಯಾರು ಮಾಡ್ರಿ," ಎಂದ. "ದರೋಡೆಕೋರ ಇರ್ಬೇಕು. ಮಳಿ, ಸಿಡ್ಲು, ಕರೀ ಮಾಡ. ಹೆಂಗಸ್ರು ನೋಡಿ ಚೀರ್ಬೇಕು. ಮತ್ತ ಬರದಂಗ ಕಾಣಬಾರ್ದು. ಫೋಟೋ ಹೊಡದಂಗ ಇರ್ಬೇಕು, ತಿಳೀತ?"

"ಎಂಟು ದಿನ ಕೊಡ್ರಿ ಸಾವ್ಕಾರ್ರೇ," ಎಂದ ಗುರುಲಿಂಗಪ್ಪ. ದತ್ತಪ್ಪನ ಕಡೆ ತಿರುಗಿ, "ಎಂಟೇ ದಿನ. ಆಗಾಂಗಿಲ್ಲಂದ್ರ ಈಗೇ ಹೇಳು, ಪಾಪ, ನಿನ್ನ ಡಬ್ಬಿ ಹೊತ್ಕೊಂಡು ಹೋಗೀಯಂತ," ಎಂದ.

ದತ್ತಪ್ಪ ಮನಸ್ಸಿನಿಂದ ಮುಖ ಬರೆಯುವವನಲ್ಲ. ಅವನ ಗುರು ಕಲಿಸಿದ್ದೇ ಹಾಗೆ. ಎದುರಿಗೆ ಜೀವಂತ ಮುಖ ಕೂರಬೇಕು, ಅದರ ಮೇಲೆ ಬೆಳಕು ಬೀಳಬೇಕು, ಆಮೇಲೆ ಕೈ ನಡೆಯಬೇಕು. ಎರಡು ದಿನ ಪರದೆಯ ಎದುರು ಕೂತು ಬರೆದು ಅಳಿಸಿದ. ಮೂರನೆಯ ದಿನ ತನ್ನ ತಮ್ಮ ರಾಮಣ್ಣನನ್ನು ಕರೆದುಕೊಂಡು ಬಂದ.

ರಾಮಣ್ಣ ಬೇಸಿಗೆಯಲ್ಲಿ ಗಂಜಿನ ಧಾನ್ಯಪೇಟೆಯಲ್ಲಿ ತೊಗರಿ ಚೀಲ ಹೊರಲು ಹೆಂಡತಿ ಶೇವಂತಾಳನ್ನು ಕರೆದುಕೊಂಡು ಕಲಬುರಗಿಗೆ ಬರುತ್ತಿದ್ದ. ಕೋಟೆಯ ಹಿಂದೆ ಅಣ್ಣನ ಒಂದೇ ಖೋಲಿಯಲ್ಲಿ ಎಲ್ಲರೂ ಇರುತ್ತಿದ್ದರು. ಕಮಲಾಪುರದಲ್ಲಿ ಅವನಿಗೆ ಸರ್ಕಾರ ಕೊಟ್ಟ ಒಂದೂವರೆ ಎಕರೆ ಇತ್ತು. ಅದಕ್ಕೆ ಹತ್ತಿಕೊಂಡೇ ಚಂದ್ರಶಾನ ತೋಟ. ಆ ಭೂಮಿ ಪಾಳು ಬಿದ್ದಿದೆ, ರಾಮಣ್ಣ ಉಳುವುದೇ ಇಲ್ಲ ಎಂದು ಚಂದ್ರಶಾ ಅರ್ಜಿ ಹಾಕಿದ್ದ. ಮುಂದಿನ ತಿಂಗಳ ಮೂರನೇ ತಾರೀಖು, ಸೋಮವಾರ, ಕಂದಾಯದ ಸಾಹೇಬರು ಜಾಗಕ್ಕೇ ಬಂದು ವಿಚಾರಿಸುವವರಿದ್ದರು. ಅವತ್ತು ರಾಮಣ್ಣ ಹೊಲದಲ್ಲಿ ನಿಂತಿರಬೇಕು. ಅವನೇ ಉಳುತ್ತಾನೆಂದು ಊರಿನವರು ನಾಲ್ಕು ಮಂದಿ ಹೇಳಬೇಕು. ತಪ್ಪಿದರೆ ಭೂಮಿ ಹೋಯಿತು.

ಇದೆಲ್ಲ ನನಗೆ ಗೊತ್ತಿತ್ತು. ಅದಕ್ಕೇ ಕೇಳಿದೆ. "ದತ್ತಪ್ಪಣ್ಣ, ತಲಿ ನೆಟ್ಟಗ ಅದನೋ ಇಲ್ಲೋ? ಚಂದ್ರಶಾನ ಬೋರ್ಡಿಗೆ ಇವನ ಮಾರಿ ಬರೀತಿ?"

"ಬರೀ ಮಾರೀ ಎಲುಬಿನ ಅಚ್ಚು ತಗೋತೀನಿ ಹಮೀದ. ಗಡ್ಡ ಹಚ್ತೀನಿ, ಕಂಬಳಿ ಹೊದಸ್ತೀನಿ. ಎಡಗಣ್ಣು ಬೆಳ್ಳಗ ಮಾಡ್ತೀನಿ, ಪೂರಾ ಕುರುಡ. ನಮ್ಮವ್ವ ಎದ್ದು ಬಂದ್ರೂ ಗುರ್ತ ಹಿಡಿಯಾಂಗಿಲ್ಲ."

ರಾಮಣ್ಣ ಸ್ಟೂಲಿನ ಮೇಲೆ ಕೂತ. ದತ್ತಪ್ಪ ಅವನ ಮುಖಕ್ಕೆ ನೀರು ಚಿಮುಕಿಸಿದ. ಬಾಗಿಲು ಹಾಕಿ ಟೇಬಲ್ ಲೈಟನ್ನು ನೆಲದ ಮೇಲಿಟ್ಟ. ಬೆಳಕು ಗದ್ದದ ಕೆಳಗಿನಿಂದ ಮೇಲೆ ಹೊಡೆಯಿತು. ನಾನು ಬೆಚ್ಚಿಬಿದ್ದೆ. ಈಗ ತಾನೇ ನನ್ನ ತಂಬಾಕು ಕಸಿದುಕೊಂಡು ನಗುತ್ತಿದ್ದ ಮನುಷ್ಯ ಅಲ್ಲಿರಲಿಲ್ಲ.

"ನೋಡ್ದ್ಯಾ? ಬೆಳಕು ಮ್ಯಾಲಿಂದ ಬಿದ್ರ ಸಂತ ಕಾಣ್ತಾನ, ಕೆಳಗಿಂದ ಬಿದ್ರ ರಾಕ್ಷಸ," ಎಂದ ದತ್ತಪ್ಪ. "ಮನಷಾ ಅವನೇ."

"ಅಣ್ಣಾ, ರಾಕ್ಷಸಗ ಒಂದು ಪ್ಲೇಟ್ ಮಿರ್ಚಿ ಭಜಿ ತರ್ಸು," ಎಂದ ರಾಮಣ್ಣ. ಮೂವರೂ ನಕ್ಕೆವು.

ಐದು ದಿನ ದತ್ತಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಕಂಪ್ಯೂಟರಿನ ಫೋಟೋಶಾಪಿನಲ್ಲಿ ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ ಚಿತ್ರ ಏಳುತ್ತದೆ. ಒಂದು ಹಾಳೆಯಲ್ಲಿ ಕೋಟೆಯ ಹಿಂದೆ ಕವಿದ ಮೋಡ ಬರೆದ. ಇನ್ನೊಂದರಲ್ಲಿ ಮಳೆ. ಗಾಳಿ ಯಾವ ಕಡೆಗೋ ಹನಿಗಳೂ ಆ ಕಡೆಗೇ ಓರೆಯಾಗಿದ್ದವು. ನೆಂದ ಕರಿ ಕಂಬಳಿ ಹೊದ್ದ ಮುಖದ ಒಂದು ಕೆನ್ನೆಗೆ ಮಿಂಚಿನ ಬೆಳಕು ಬಿದ್ದಿತ್ತು, ಇನ್ನೊಂದು ಕೆನ್ನೆ ಕತ್ತಲು. ಹುಬ್ಬಿನಿಂದ ಒಂದು ಹನಿ ಇನ್ನೇನು ಉದುರುತ್ತದೆ ಎಂಬಂತೆ ತೂಗುತ್ತಿತ್ತು. ಕೈ ಹಾಕಿ ಒರೆಸಬೇಕು ಅನ್ನಿಸುತ್ತಿತ್ತು. ಬಿಳಿಗಣ್ಣನ್ನು ನೋಡಲಾಗದೆ ನಾನು ತಂಬಾಕು ತಿಕ್ಕುವ ನೆಪದಲ್ಲಿ ಹೊರಗೆ ಹೋದೆ. ಕಂಬಳಿಯ ಅಂಚಿನ ಹೊಲಿಗೆಯಲ್ಲಿ ಅವನ ಹೆಸರು ಸೇರಿತ್ತು.

ಒಂದು ತಪ್ಪು ಮಾಡಿದ್ದ. ಕೆಲಸ ಗೊತ್ತಿರುವವನು ಮಾತ್ರ ಮಾಡುವ ತಪ್ಪು. ಚಿಕ್ಕಂದಿನಲ್ಲಿ ಬಾವಿಯ ನೀರು ಸೇದುವ ಗಡಗಡಿ ಬಡಿದು ರಾಮಣ್ಣನ ಬಲ ಹುಬ್ಬು ನಡುವೆ ಕಡಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುವ ಕೈ, ಆ ಕಡಿತವನ್ನೂ ಬರೆದುಬಿಟ್ಟಿತ್ತು.

ಚಂದ್ರಶಾ ಬಂದು ನೋಡಿದ. ತುಂಬ ಹೊತ್ತು ನೋಡಿದ. ಬೆರಳನ್ನು ಪರದೆಯ ಹತ್ತಿರ ಒಯ್ದು ಆ ಹುಬ್ಬಿನ ಮೇಲೆ ಇಟ್ಟ.

"ಯಾರಿಂವ?"

"ಯಾರೂ ಅಲ್ರಿ. ಮನಸಿನಾಗಿಂದು," ಎಂದ ದತ್ತಪ್ಪ.

"ಹೌದೇನು," ಎಂದ ಚಂದ್ರಶಾ. "ಭಾಳ ಚಲೋ ಬರದೀ. ಖರೆನೇ ಫೋಟೋ ಇದ್ದಂಗದ." ಆಮೇಲೆ ಗುರುಲಿಂಗಪ್ಪನನ್ನು ಹೊರಗೆ ಕರೆದ. ಇಬ್ಬರೂ ಜೀಪಿನಲ್ಲಿ ಕೂತು ಬಹಳ ಹೊತ್ತು ಮಾತಾಡಿದರು.

ಮರುದಿನ ಗುರುಲಿಂಗಪ್ಪ ದತ್ತಪ್ಪನನ್ನು ಬ್ರಹ್ಮಪುರದಲ್ಲಿ ಒಂದು ಅಂಗಡಿಯ ಗೋಡೆ ಬರೆಯಲು ಕಳಿಸಿದ. ಎರಡು ದಿನದ ಕೆಲಸ. ಅಕ್ಷರ ಕೂರಿಸುವುದನ್ನು ತಾನೇ ಮಾಡಿದ. ಶನಿವಾರ ಹೈದರಾಬಾದಿನಿಂದ ಪ್ರಿಂಟ್ ಆಗಿ ಬಂತು. ಅದರಲ್ಲಿ ಹೀರೋ ಇರಲಿಲ್ಲ, ಖಳನಾಯಕನಿಗೇ ಒಂದು ಬೇರೆ ಬೋರ್ಡು ಎಂದುಕೊಂಡೆ. ನಾನು ಚೌಕಟ್ಟು ಹೊಡೆದೆ. ಕೆಳಗಿನ ಮೂಲೆ ಖಾಲಿ ಇತ್ತು. ನಮ್ಮ ಅಂಗಡಿಯ ಹೆಸರಿನ ಆಕಾರ ನನಗೆ ಗುರುತಿತ್ತು, ಫೋನ್ ನಂಬರೂ ಗುರುತಿತ್ತು. ಎರಡೂ ಇರಲಿಲ್ಲ.

"ಮಾಲಕ್ರೇ, ಅಂಗಡಿ ಹೆಸರು ಬಿಟ್ಟಾದಲ್ರಿ?"

"ಮರ್ತೀನಿ ಬಿಡೋ. ನಿನ್ನ ಮೊಳಿ ಹೊಡಿ ನೀ."

ಚಂದ್ರಶಾನ ಜೀಪಿನಲ್ಲಿ ಬೋರ್ಡು ಹಾಕಿಕೊಂಡು ಕಮಲಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಎದುರು ಎರಡು ಕಂಬಗಳ ನಡುವೆ ಏಣಿ ಹಾಕಿ ಕಟ್ಟಿದೆ. ಗಟ್ಟಿಯಾಗಿ ಕಟ್ಟಿದೆ, ಗಾಳಿಗೆ ಹಾರಬಾರದೆಂದು. ತೋಟದ ಕೂಲಿ ಮುಗಿಸಿ ಬಂದ ಹೆಂಗಸರು ನಿಂತು ನೋಡಿದರು. ಯಾರೋ ಒಬ್ಬ ಅಕ್ಷರಗಳನ್ನು ಗಟ್ಟಿಯಾಗಿ ಓದತೊಡಗಿದ. ಅಷ್ಟರಲ್ಲಿ ಡ್ರೈವರ್ ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆದ. ನಾನು ಏಣಿ ಎತ್ತಿಕೊಂಡು ಓಡಿದೆ. ಹಿಂದೆ ತಿರುಗಿ ನೋಡಿದಾಗ ಒಬ್ಬ ಮುದುಕಿ ಮುಂದೆ ಬಂದು ಆ ಮುಖದ ಮೇಲೆ ಥೂ ಎಂದು ಉಗುಳಿದಳು.

ನನಗೆ ಎಷ್ಟು ಖುಷಿಯಾಯಿತೆಂದರೆ, ಕಲಬುರಗಿ ಮುಟ್ಟುವವರೆಗೂ ನಗುತ್ತಲೇ ಇದ್ದೆ. ಸೀದಾ ದತ್ತಪ್ಪನ ಖೋಲಿಗೆ ಹೋದೆ. ರಾಮಣ್ಣ ಊಟಕ್ಕೆ ಕೂತಿದ್ದ. ಶೇವಂತಾ ರೊಟ್ಟಿ ಬಡಿಯುತ್ತಿದ್ದಳು.

"ದತ್ತಪ್ಪಣ್ಣ, ಗೆದ್ದಿ! ಒಬ್ಬಾಕಿ ಮುದುಕಿ ನಿನ್ನ ಖಳನಾಯಕನ ಮಾರಿಗೆ ಉಗುಳಿದ್ಲು!"

ದತ್ತಪ್ಪನ ಕಣ್ಣಲ್ಲಿ ನೀರು ಬಂತು. "ಖರೇನಾ ಹಮೀದ? ಟಾಕೀಸಿಗೆ ಬರೀತಿದ್ನಲ್ಲ, ಆಗೂ ಯಾರೂ ಉಗುಳಿದ್ದಿಲ್ಲ ನೋಡು." ರಾಮಣ್ಣ ತನ್ನ ಕೆನ್ನೆ ಒರೆಸಿಕೊಳ್ಳುವ ನಾಟಕ ಮಾಡಿದ. ಶೇವಂತಾ ನಕ್ಕು ನಕ್ಕು ರೊಟ್ಟಿ ಸುಟ್ಟಳು. ನನಗೂ ಎರಡು ರೊಟ್ಟಿ ಕೊಟ್ಟಳು. ಆ ರೊಟ್ಟಿ ತಿಂದ ಬಾಯಿ ಇದು.

ಸೋಮವಾರ ಬೆಳಿಗ್ಗೆ ರಾಮಣ್ಣ ಒಗೆದ ಅಂಗಿ ಹಾಕಿಕೊಂಡು, ಭೂಮಿಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಶೇವಂತಾಳ ಜೊತೆ ಬಸ್ ಹತ್ತಿದ. ಮಧ್ಯಾಹ್ನ ಶೇವಂತಾ ಒಬ್ಬಳೇ ಅಂಗಡಿಯ ಬಾಗಿಲಿಗೆ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸೆರಗೆಲ್ಲ ರಕ್ತ.

"ಮಾವಾ," ಎಂದಳು ದತ್ತಪ್ಪನಿಗೆ, "ಅಲ್ಲಿ ಏನು ಬರದಿ ನೀನು?"

ಬಸ್ಸಿನಿಂದ ಇಳಿದ ತಕ್ಷಣ ರಾಮಣ್ಣ ಬೋರ್ಡು ನೋಡಿ ನಿಂತಿದ್ದ. ಓದಲು ಅವನಿಗೆ ಬರುತ್ತಿತ್ತು. ‘ಎಚ್ಚರಿಕೆ! ಹೆಣ್ಣುಮಕ್ಕಳ ಕೊರಳಿನ ಸರ ಕೀಳುವ ಕಳ್ಳ ಇವನೇ. ಕಂಡಲ್ಲಿ ಹಿಡಿಯಿರಿ. ಇಂತಿ, ಊರ ಹಿತೈಷಿಗಳು.’ ಚಳಿಗಾಲದಿಂದ ಆ ರಸ್ತೆಯಲ್ಲಿ ಸರಗಳ್ಳತನ ನಡೆಯುತ್ತಿತ್ತು. ಕಳ್ಳ ಸಿಕ್ಕಿರಲಿಲ್ಲ. ಚಂದ್ರಶಾನ ಆಳು ಕೂಗಿದ, "ಅಗೋ, ಬಂದ ನೋಡ್ರಿ, ಫೋಟೋದಾಗ ಇದ್ದಾವ! ಹುಬ್ಬು ನೋಡ್ರಿ!"

ಹುಟ್ಟಿದಾಗಿನಿಂದ ಅವನನ್ನು ಕಂಡ ಜನ. ಅವನ ಜೊತೆ ಕಳೆ ಕಿತ್ತ ಜನ. "ನಾನು ರಾಮಣ್ಣ ಅದೀನ್ರೋ," ಎಂದು ಅವನು ಕೈಮುಗಿದ. ಒಬ್ಬ ಹೇಳಿದನಂತೆ, "ಇವನ ಕಣ್ಣು ಬೆಳ್ಳಗಿಲ್ಲಲ್ಲೋ." ಇನ್ನೊಬ್ಬ ಹೇಳಿದನಂತೆ, "ಅದು ಮಿಂಚಿನ ಬೆಳಕು ಬಿದ್ದದ. ಫೋಟೋ ಸುಳ್ಳು ಹೇಳ್ತದೇನು?" ಮೊದಲ ಏಟು ಬಿತ್ತು. ಆಮೇಲೆ ಎಲ್ಲರೂ ಹೊಡೆದರು. ಮಲ್ಕಮ್ಮ ಎಂಬ ಮುದುಕಿಯ ಗುಂಡಿನ ಸರ ಹೋದ ತಿಂಗಳು ಹೋಗಿತ್ತು, ಸತ್ತ ಗಂಡ ಮಾಡಿಸಿದ್ದು. ಶನಿವಾರ ಉಗುಳಿದವಳೂ ಅವಳೇ. ಅವಳು ದೂರದಿಂದ ಒಂದು ಕಲ್ಲು ಒಗೆದಳು. ಅದು ರಾಮಣ್ಣನ ಎಡಗಣ್ಣಿಗೆ ಬಿತ್ತು.

"ಈಗ ಫೋಟೋದಂಗ ಆದ ನೋಡ್ರಿ," ಎಂದು ಯಾರೋ ನಕ್ಕರಂತೆ.

ಬಿಸಿಲಲ್ಲಿ ಕಾಗದಗಳು ರಸ್ತೆಯ ತುಂಬ ಹರಡಿದ್ದವು. ಅದೇ ಹೊತ್ತಿಗೆ ಒಂದು ಮೈಲಿ ಆಚೆ ಕಂದಾಯದ ಸಾಹೇಬರು ಹೊಲದಲ್ಲಿ ಕೊಡೆ ಹಿಡಿದು ನಿಂತು ಬರೆದುಕೊಂಡರು: ಹಿಡುವಳಿದಾರ ರಾಮಣ್ಣ ಗೈರುಹಾಜರು. ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಭೂಮಿ ಪಾಳು.

ಶೇವಂತಾ ಗಂಡನನ್ನು ಸೇರಿಸಿ ಬಂದಿದ್ದ ಕಲಬುರಗಿಯ ದವಾಖಾನೆಯ ಡಾಕ್ಟರು ಕಣ್ಣು ಉಳಿಯುವುದಿಲ್ಲ ಎಂದರು. ದತ್ತಪ್ಪ ಅಲ್ಲಿಂದ ಎದ್ದವನು ಸೀದಾ ಕಮಲಾಪುರದ ಪೊಲೀಸರ ಹತ್ತಿರ ಹೋದ. ನಾನೂ ಹೋದೆ. ಬೋರ್ಡನ್ನು ಬಿಚ್ಚಿ ತಂದು ಠಾಣೆಯ ಗೋಡೆಗೆ ಆನಿಸಿ ಇಟ್ಟಿದ್ದರು.

"ಸಾಹೇಬ್ರೇ, ಇದು ಫೋಟೋ ಅಲ್ರಿ. ಚಿತ್ರರಿ. ನಾನೇ ಬರದೀನ್ರಿ," ಎಂದ ದತ್ತಪ್ಪ.

"ಏನು ಪುರಾವೆ?"

ದತ್ತಪ್ಪ ಮೊಣಕಾಲೂರಿ ಕಂಬಳಿಯ ಅಂಚಿನ ಮೇಲೆ ಬೆರಳಿಟ್ಟ. "ನೋಡ್ರಿ, ನನ್ನ ಹೆಸರು. ದತ್ತು, ಕಮಲಾಪುರ." ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಸಾಹೇಬ ಗುರುಲಿಂಗಪ್ಪನನ್ನು ಕರೆಸಿದ. ಅವನು ಹಣೆಗೆ ವಿಭೂತಿ ಬಳಿದುಕೊಂಡು ಬಂದ. "ನನ್ನ ಅಂಗಡಿ ಬೋರ್ಡಲ್ರಿ ಇದು. ನಮ್ಮ ಬೋರ್ಡಿಗೆ ಅಂಗಡಿ ಹೆಸರು ಇರ್ತದ, ಎಲ್ಲಿ ಅದ ತೋರಸ್ರಿ? ಇವ ಕದ್ದು ಮಾಡಿಕೊಂಡಾನ."

"ಕಂಪ್ಯೂಟರ್ನಾಗ ಅದರಿ ಎಲ್ಲಾ," ಎಂದೆ ನಾನು. "ಮೋಡ ಬ್ಯಾರೆ, ಮಳಿ ಬ್ಯಾರೆ, ಕಣ್ಣು ಬ್ಯಾರೆ. ಒಂದೊಂದೇ ತೆಗದು ತೋರಸ್ತಾನ್ರಿ."

"ಕಂಪ್ಯೂಟರ್ ಕೆಟ್ಟಿತ್ತು, ಪೂರಾ ಅಳಿಸಿ ಹೊಸದಾಗಿ ಹಾಕ್ಸೀನಿ," ಎಂದ ಗುರುಲಿಂಗಪ್ಪ. ನನ್ನ ಮುಖ ನೋಡಲಿಲ್ಲ.

ಚಂದ್ರಶಾನನ್ನು ಯಾರೂ ಕರೆಸಲಿಲ್ಲ. ಬೋರ್ಡಿನ ಮೇಲೆ ಅವನ ಹೆಸರಿರಲಿಲ್ಲ. ಗುರುಲಿಂಗಪ್ಪನ ಹೆಸರಿರಲಿಲ್ಲ. ಊರ ಹಿತೈಷಿಗಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಇದ್ದದ್ದು ಒಂದೇ ಹೆಸರು. ಸುಳ್ಳು ಬೋರ್ಡು ಬರೆದು ಜನರನ್ನು ಎತ್ತಿಕಟ್ಟಿದ್ದಕ್ಕೆ ದತ್ತಪ್ಪನ ಮೇಲೆ ಕೇಸಾಯಿತು. ತನ್ನ ತಮ್ಮನ ಕಣ್ಣು ತೆಗೆಸಿದವನು ತಾನೇ ಎಂದು ಕಾಗದದ ಮೇಲೆ ಬಂತು. ಇಪ್ಪತ್ತೆರಡು ದಿನ ಒಳಗಿಟ್ಟರು.

ನಾನು ಅಂಗಡಿ ಬಿಟ್ಟೆ. ಬಿಡುವ ಮೊದಲು ಗುರುಲಿಂಗಪ್ಪನ ಅಂಗಿಯ ಕಾಲರು ಹಿಡಿದೆ. ಅದರಿಂದ ಏನೂ ಆಗಲಿಲ್ಲ. ಆಮೇಲೆ ದಿನಾ ಸಂಜೆ ಕೋಟೆಯ ಹಿಂದಿನ ಆ ಖೋಲಿಗೆ ಹೋಗಿ ಕೂರುತ್ತಿದ್ದೆ. ಶೇವಂತಾ ಏಳನೇ ಇಯತ್ತೆ ಓದಿದವಳು.

"ನಾ ಅಲ್ಲಿ ಏನು ಕಟ್ಟಿ ಬಂದೆ, ಆ ಅಕ್ಷರ ಕಲಸು ತಂಗಿ," ಎಂದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಪಾಟಿ ತಂದು ಎ ಬರೆದಳು. ನಾನು ಕನ್ನಡ ಕಲಿತದ್ದು ‘ಎಚ್ಚರಿಕೆ’ಯಿಂದ. ‘ಕಳ್ಳ’ ಬರೆದ ಕೂಡಲೇ ಅವಳು ಅದನ್ನು ಅಂಗೈಯಿಂದ ಒರೆಸಿ, ಮತ್ತೆ ಬರೆದಳು. ಹಾಸಿಗೆಯಲ್ಲಿ ಮಲಗಿದ್ದ ರಾಮಣ್ಣ ಗೋಡೆಯ ಕಡೆ ಹೊರಳಿದ.

ಜಾಮೀನಿನ ಮೇಲೆ ಬಿಡುಗಡೆಯಾದ ದತ್ತಪ್ಪ ಒಂದು ವಾರ ಖೋಲಿ ಬಿಟ್ಟು ಹೊರಬೀಳಲಿಲ್ಲ. ಎಂಟನೇ ದಿನ ಒಣಗಿದ ಬ್ರಶ್ಶುಗಳನ್ನು ಟರ್ಪೆಂಟೈನಿನಲ್ಲಿ ನೆನೆಹಾಕಿದ. "ಹಮೀದ, ಕಮಲಾಪುರಕ್ಕ ಹೋಗಮು ನಡಿ," ಎಂದ.

ಮಲ್ಕಮ್ಮನ ಮನೆ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು. ಬಾಗಿಲಲ್ಲಿ ದತ್ತಪ್ಪನನ್ನು ಕಂಡು ಮುದುಕಿ ಬಿಳಚಿಕೊಂಡಳು.

"ಅವ್ವಾ, ನಿನ್ನ ಗ್ವಾಡಿ ಬೇಕು."

"ಯಾ... ಯಾಕಪ್ಪ?"

"ಚಿತ್ರ ಬರೀಬೇಕು. ನೀ ಕುಂತು ನೋಡು. ಊರವ್ರನ್ನೂ ಕರಿ."

ಅವನು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಮೊದಲ ಗೆರೆ ಎಳೆದ. ಬಿಸಿಲು ನೆತ್ತಿಗೆ ಬಂದಿತ್ತು. ಬಸ್ಸಿಗೆ ಬಂದವರು ಬಸ್ಸು ಬಿಟ್ಟು ನಿಂತರು. ಮೋಡ ಬಂತು. ಓರೆ ಮಳೆ ಬಂತು. ಕಂಬಳಿ, ಗಡ್ಡ, ಕೆನ್ನೆಯ ಮೇಲೆ ಮಿಂಚು. ಸಂಜೆಯ ಹೊತ್ತಿಗೆ ಬೋರ್ಡಿನಲ್ಲಿದ್ದ ಅದೇ ಕಳ್ಳ ಗೋಡೆಯ ಮೇಲೆ ನಿಂತಿದ್ದ.

ಮಲ್ಕಮ್ಮ ಕಟ್ಟೆಯ ಮೇಲಿಂದ ಎದ್ದು ಬಂದಳು. "ತಮ್ಮಾ, ಫೋಟೋ ಎಲ್ಲಿಟ್ಕೊಂಡು ಬರದಿ?"

"ಫೋಟೋನೇ ಇದ್ದಿಲ್ಲವ್ವಾ. ಆವತ್ತೂ ಇದ್ದಿಲ್ಲ. ಈ ಕೈಯೇ ಬರದದ್ದು. ಸಾವ್ಕಾರನ ಸಿನಿಮಾಕ್ಕಂತ ಬರದಿದ್ದೆ."

ಮಲ್ಕಮ್ಮ ತನ್ನ ಬಲಗೈ ನೋಡಿಕೊಂಡಳು. ಅಲ್ಲೇ ಮಣ್ಣಲ್ಲಿ ಕುಸಿದು ಕೂತಳು.

ಮರುದಿನ ದತ್ತಪ್ಪ ಮತ್ತೆ ಬ್ರಶ್ ಹಿಡಿದ. ಮೋಡ ಅಳಿಸಿದ. ಮಳೆ ಅಳಿಸಿದ. ಗಡ್ಡ, ಕಂಬಳಿ ತೆಗೆದ. ಬೆಳಕನ್ನು ಮೇಲಿನಿಂದ ತಂದ. ಬಿಳಿಗಣ್ಣಿನ ಮೇಲೆ ಕಪ್ಪು ಗುಡ್ಡೆ ಬರೆದ. ಎರಡೂ ಕಣ್ಣಿನ ರಾಮಣ್ಣ ಬಿಸಿಲಲ್ಲಿ ನಗುತ್ತ ನಿಂತ. ಮೂಲೆಯಲ್ಲಿ ಹೆಸರು ಹಾಕಲಿಲ್ಲ. ಬ್ರಶ್ಶನ್ನು ನನ್ನ ಕೈಗೆ ಕೊಟ್ಟ.

ನಾನು ಬರೆದೆ. ಅಕ್ಷರ ಸೊಟ್ಟ ಇದ್ದವು, ಆದರೆ ದೊಡ್ಡವಿದ್ದವು.

‘ಸುಳ್ಳು ಬೋರ್ಡು ಬರೆಸಿದವನು ಚಂದ್ರಶಾ. ಅಚ್ಚು ಹಾಕಿಸಿದವನು ಗುರುಲಿಂಗಪ್ಪ. ಚಿತ್ರ ಬರೆದವನು ದತ್ತಪ್ಪ. ಕಟ್ಟಿದವನು ಹಮೀದ್.’

"ಇನ್ನೊಂದು ಬರಿ," ಎಂದಳು ಮಲ್ಕಮ್ಮ ಹಿಂದಿನಿಂದ. "ಕಲ್ಲು ಒಗದಾಕಿ ಮಲ್ಕಮ್ಮ."

ನಾನು ತಿರುಗಿ ನೋಡಿದೆ. "ಬರಿಯೋ!" ಎಂದು ಗದರಿದಳು. ಬರೆದೆ. ಗುಂಪಿನಿಂದ ಧರ್ಮಣ್ಣ ಎಂಬುವನು ತಲೆ ತಗ್ಗಿಸಿ ಬಂದು, ಮೊದಲ ಏಟು ನನ್ನದು ಎಂದ. ಬರೆದೆ. ದುಂಡಮ್ಮ ಬಂದಳು, ಹಿಡಿದುಕೊಂಡವಳು ನಾನು ಎಂದಳು. ನಕ್ಕವನೂ ಬಂದ. ಬಣ್ಣ ಮುಗಿಯುವವರೆಗೆ ಬರೆದೆ. ಹತ್ತೊಂಬತ್ತು ಹೆಸರು.

ಮೂರನೇ ದಿನ ಪೊಲೀಸ್ ಜೀಪು ಬಂತು. ಹಿಂದೆ ಚಂದ್ರಶಾನ ಆಳು ಸುಣ್ಣದ ಬಕೀಟು ಹಿಡಿದುಕೊಂಡು ಬಂದ. ರಾಮಣ್ಣನೂ ಅವತ್ತು ಬಂದಿದ್ದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತನ್ನದೇ ಮುಖದ ಕೆಳಗೆ ನಿಂತಿದ್ದ. ಆಚೆ ಅವನ ಒಂದೂವರೆ ಎಕರೆಯಲ್ಲಿ ಚಂದ್ರಶಾನ ಬಾಳೆಗಡ್ಡೆ ಆಗಲೇ ನಾಟಿಯಾಗಿತ್ತು.

"ಯಾರು ಬರದಿದ್ದು ಇದು?" ಎಂದ ಸಾಹೇಬ. "ದೊಡ್ಡ ಮನುಷ್ಯರ ಹೆಸರು ಕೆಡಸ್ತೀರಿ? ಹೊಡೀರಿ ಸುಣ್ಣ."

ಮಲ್ಕಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳ ಪಕ್ಕದಲ್ಲಿ ಧರ್ಮಣ್ಣ ನಿಂತ, ದುಂಡಮ್ಮ ನಿಂತಳು, ನಾವು ನಿಂತೆವು. ಗೋಡೆ ಕಾಣದಷ್ಟು ಜನ ನಿಂತರು.

"ಸಾಹೇಬ, ಹೆಸರು ಓದಿ ಹಾಜರಿ ತಗೋ," ಎಂದಳು ಮುದುಕಿ. "ನಾವೆಲ್ಲಾ ಇಲ್ಲೇ ಅದೀವಿ. ಮ್ಯಾಲಿನ ಎರಡು ಹೆಸರಿನವ್ರು ಬಂದಿಲ್ಲ. ಮೊದ್ಲು ಅವ್ರನ್ನ ಕರ್ಕೊಂಡು ಬಾ, ಆಮ್ಯಾಲ ಸುಣ್ಣ ಹಚ್ಚು."